ಉಸ್ತಾದನ ಗೋಣಿಪರದೆ

ಹೋದ ವಾರ ಶಹಾಪುರದಿಂದ ಯಾದಗಿರಿಗೆ ಹೋಗುವಾಗ ಬಸ್ಸು ಹಾದಿಯಲ್ಲಿ ಪಂಕ್ಚರಾಗಿ ನಿಂತಿತು. ಎದುರಿಗೇ ಒಂದು ಗ್ಯಾರೇಜು. ಅಲ್ಲಿ ಯಾರದೋ ಲಾರಿಯ ಹಿಂದಿನ ಅಚ್ಚು ಬಿಚ್ಚಿ ಹಳೆಯ ಗೇರ್ ಎಣ್ಣೆಯನ್ನು ಡಬ್ಬಿಗೆ ಇಳಿಸುತ್ತಿದ್ದರು. ಆ ವಾಸನೆ ಗೊತ್ತಿದ್ದವರಿಗೆ ಗೊತ್ತು. ಕಮಟು, ಸುಟ್ಟದ್ದು, ಗಂಟಲಿಗೆ ಹತ್ತಿಕೊಂಡರೆ ಊಟ ಮಾಡುವ ತನಕ ಬಿಡುವುದಿಲ್ಲ. ಅದು ಮೂಗಿಗೆ ಬಡಿದದ್ದೇ ತಡ, ನೆನಪಿಗಿಂತ ಮೊದಲು ನನಗೆ ಸಿಟ್ಟು ಬಂತು. ಆ ಮನುಷ್ಯ ನೆನಪಾದದ್ದು ಆಮೇಲೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಯಾದಗಿರಿ ಸ್ಟೇಷನ್ನಿನ ಹಿಂದೆ ತಗಡಿನ ಮಾಡಿನ ಒಂದು ಶೆಡ್ಡು, ಅದರ ಬೆನ್ನಿಗೇ ಆತನ ಮನೆ. ಲಾರಿ ಮಿಸ್ತ್ರಿ. ಎಲ್ಲರೂ ಉಸ್ತಾದ ಎನ್ನುತ್ತಿದ್ದೆವು. ಹೈದರಾಬಾದ ಕಡೆಯಿಂದ ಬಂದವನು. ಹೆಂಡತಿ ತೀರಿಹೋಗಿದ್ದಳು. ಮನೆಯಲ್ಲಿ ಒಬ್ಬ ಮಗಳಿದ್ದಾಳೆ ಎಂದು ಕೇಳಿದ್ದೆವು, ಆದರೆ ಗೋಷಾ ಮನೆ, ಹೆಣ್ಣುಮಕ್ಕಳು ಪರದೆಯ ಹಿಂದೆ, ನೋಡಿದವರಿಲ್ಲ. ಚಾದ ಅಂಗಡಿಯಲ್ಲಿ ಕೂತನೆಂದರೆ ಬಲಗೈ ಎತ್ತಿ ತೋರಿಸುತ್ತಿದ್ದ. "ಯಾದಗಿರಿಯಿಂದ ಸುರಪುರದ ತನಕ ಇಂಥಾ ಕೈ ಇನ್ನೊಂದದ ಏನು? ಇದ್ರ ತೋರಸ್ರಿ." ಯಾರೂ ತೋರಿಸುತ್ತಿರಲಿಲ್ಲ, ಏಕೆಂದರೆ ಇರಲಿಲ್ಲ.

ನಾನು ಸುರಪುರದ ಒಬ್ಬ ಸಾವುಕಾರನ ಲಾರಿಯ ಡ್ರೈವರ. ಶೇಂಗಾ, ಹತ್ತಿ ಹೇರಿಕೊಂಡು ಯಾದಗಿರಿ ಸ್ಟೇಷನ್ನಿಗೆ ಹೋಗುವುದು, ಬರುವಾಗ ಉಪ್ಪು, ಚಿಮಣಿ ಎಣ್ಣೆ, ಅವುಗಳ ಮೇಲೆ ಮಂದಿ. ಎರಡನೇ ಮಹಾಯುದ್ಧ ಶುರುವಾಗಿ ಪೆಟ್ರೋಲು ಮಾಯವಾಯಿತು. ಲಾರಿಯ ಮಗ್ಗುಲಿಗೆ ಆಳೆತ್ತರದ ಕಬ್ಬಿಣದ ಉರುಳೆ ಕೂಡಿಸಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನ ಮೇಲೆ ಎಂಜಿನ್ ಓಡಿಸಬೇಕಾಯಿತು. ಓಡುವುದೇನು ಬಂತು, ಅರ್ಧ ಶಕ್ತಿ ಹೋಯಿತು. ಚಿಕ್ಕ ಏರು ಬಂದರೂ ಲಾರಿ ಕೆಮ್ಮಿ ನಿಲ್ಲುತ್ತಿತ್ತು. ಕೂಸು ಎತ್ತಿಕೊಂಡ ಹೆಣ್ಣುಮಕ್ಕಳೂ ಇಳಿದು ನಡೆಯಬೇಕು, ಗಂಡಸರು ನೂಕಬೇಕು. ಒಮ್ಮೆ ದೋರನಹಳ್ಳಿಯ ಹತ್ತಿರ ರೈತರು ನಗುತ್ತ ನಗುತ್ತ ಎರಡು ಜೋಡಿ ಎತ್ತು ಕಟ್ಟಿ ಲಾರಿ ಎಳೆದರು. ನಾನು ಸ್ಟೇರಿಂಗ್ ಹಿಡಿದು ತಲೆ ತಗ್ಗಿಸಿ ಕೂತಿದ್ದೆ. ಸುದ್ದಿ ನನಗಿಂತ ಮೊದಲು ಸುರಪುರ ಮುಟ್ಟಿತ್ತು.

"ಎತ್ತ ಎಳಿಯೂದಾದ್ರ ಬಂಡಿನ ಹೂಡ್ತೀನಿ. ನೀ ಯಾಕ, ಲಾರಿ ಯಾಕ?" ಎಂದ ಸಾವುಕಾರ.

ಉಸ್ತಾದನ ಹತ್ತಿರ ಓಡಿದೆ. ಆತ ಲಾರಿಯ ಮುಂಭಾಗ ನೋಡಲೇ ಇಲ್ಲ, ಹಿಂದೆ ಹೋಗಿ ಅಚ್ಚಿನ ನಡುವೆ ಉಬ್ಬಿದ ಗುಂಡಿನ ಮೇಲೆ ಕೈಯಾಡಿಸಿದ. ಎಂಜಿನ್ನಿನ ತಾಕತ್ತು ಹೆಚ್ಚಿಸಲು ಬರುವುದಿಲ್ಲ, ಗಾಲಿಯ ಓಟ ತಗ್ಗಿಸಬಹುದು ಎಂದ. ಆ ಗುಂಡಿನೊಳಗೆ ಹಲ್ಲಿನ ಚಕ್ರ ಎರಡು ಇರುತ್ತವೆ. ದೊಡ್ಡದು ಕ್ರೌನ್, ಸಣ್ಣದು ಪಿನಿಯನ್. ಹಲ್ಲು ಕಡಿಮೆ ಇರುವ ಪಿನಿಯನ್ ಹಾಕಿದರೆ ಎಂಜಿನ್ ಹೆಚ್ಚು ಸುತ್ತುತ್ತದೆ, ಗಾಲಿ ನಿಧಾನವಾಗಿ ತಿರುಗುತ್ತದೆ, ಹೊರೆ ಏರುತ್ತದೆ. ಹೈದರಾಬಾದಿನ ಗುಜರಿಯಿಂದ ಅಂಥ ಒಂದು ಜೋಡಿ ತರಿಸಿದ.

ಕೂಡಿಸುವುದರಲ್ಲೇ ಇರುವುದು ಎಲ್ಲ ಕಸುಬು. ಜಾಜು ಅಂದರೆ ಕೆಂಪು ಮಣ್ಣು, ಅದನ್ನು ಔಡಲ ಎಣ್ಣೆಯಲ್ಲಿ ಕಲೆಸಿ ಹಲ್ಲುಗಳಿಗೆ ಸವರಿ ಚಕ್ರ ತಿರುಗಿಸಬೇಕು. ಹಲ್ಲಿಗೆ ಹಲ್ಲು ತಾಗಿದ ಕಡೆ ಗುರುತು ಬೀಳುತ್ತದೆ. ಗುರುತು ಹಲ್ಲಿನ ನಡುವೆ ಬಿದ್ದರೆ ಸರಿ. ಅಂಚಿಗೆ ಬಿದ್ದರೆ ಲಾರಿ ನಾಲ್ಕು ಹರದಾರಿ ಹೋಗುವುದರೊಳಗೆ ಅಚ್ಚು ಅಳುವುದಕ್ಕೆ ಶುರುಮಾಡುತ್ತದೆ, ಆಮೇಲೆ ಹಲ್ಲು ಉದುರುತ್ತವೆ. ಪಿನಿಯನ್ನಿನ ಹಿಂದೆ ತೆಳು ತಗಡು ಹಾಕಿ ತೆಗೆದು ಅದನ್ನು ನಡುವಿಗೆ ತರಬೇಕು. ಇಷ್ಟು ನನಗೆ ಬಾಯಲ್ಲಿ ಹೇಳಿದ. ಕೆಂಪು ಸವರುವ ಹೊತ್ತು ಬಂದದ್ದೇ, "ಎಲ್ಲಾರೂ ಭಾಹೇರ ನಡೀರಿ. ಚಾ ಕುಡದ ಬರ್ರಿ" ಎಂದು ನಮ್ಮನ್ನು ಅಟ್ಟಿ, ಶೆಡ್ಡಿನ ಬಾಯಿಗೆ ಗೋಣಿಪರದೆ ಎಳೆದುಕೊಂಡ.

ಚಾ ಕುಡಿದು ಬಂದೆವು. ಕೆಲಸ ಮುಗಿದಿತ್ತು. ಮರುದಿನ ಲಾರಿ ಸುರಪುರದ ಏರನ್ನು ಹೊರೆಸಮೇತ ಹತ್ತಿತು. ಯಾರೂ ಇಳಿಯಲಿಲ್ಲ. ಮೇಲೆ ಕೂತ ಮುದುಕಿಯೊಬ್ಬಳು ನನ್ನ ತಲೆಗೆ ನಿವಾಳಿಸಿ ನೆಟಿಕೆ ಮುರಿದಳು. ಅವತ್ತೇ ನಿಶ್ಚಯ ಮಾಡಿದೆ, ಈ ಕಸುಬು ಕಲಿಯಬೇಕು, ಸುರಪುರದಲ್ಲಿ ನನ್ನದೇ ಶೆಡ್ಡು ಹಾಕಬೇಕು, ಸಾವುಕಾರನ ಬಾಯಿಗೆ ಅಂಜಿ ಬದುಕುವುದು ಸಾಕು.

ಉಸ್ತಾದ ಒಪ್ಪಿದ. ಒಪ್ಪದೆ ಏನು, ಪುಕ್ಕಟೆ ಆಳು ಸಿಕ್ಕ! ಹೆಂಡತಿ ಮಕ್ಕಳಿದ್ದ ಗಂಡಸು ನಾನು, ಲಾರಿ ನಿಂತ ದಿನವೆಲ್ಲ ಆತನ ಶೆಡ್ಡಿನಲ್ಲಿ ಅಚ್ಚು ಹೊತ್ತೆ, ಎಣ್ಣೆ ಬಳಿದೆ, ಆತನ ಮನೆಗೆ ಕಟ್ಟಿಗೆ ಒಡೆದೆ. ಮಿಸ್ತ್ರಿಗಳಲ್ಲಿ ಒಂದು ರೀತಿ ಇತ್ತು. ನಾಲ್ಕು ಮಂದಿಯ ಎದುರು ಬತ್ತಾಸು ಹಂಚಿ, ಉಸ್ತಾದ ನಟ್ಟು ಬಿಚ್ಚುವ ತನ್ನ ಪಾನಾ ಎತ್ತಿ ಶಾಗಿರ್ದನ, ಅಂದರೆ ಶಿಷ್ಯನ, ಕೈಯಲ್ಲಿ ಇಡಬೇಕು. ಅಲ್ಲಿಯ ತನಕ ಶಾಗಿರ್ದ ತಾನೊಬ್ಬನೇ ಯಾವ ಲಾರಿಗೂ ಪಾನಾ ಹಚ್ಚುವಂತಿಲ್ಲ. ನಾನು ಆ ದಿನಕ್ಕೆ ಕಾದೆ. ಅಚ್ಚು ಬಿಚ್ಚಿದ ಪ್ರತಿ ಸಲವೂ ಅದೇ ಮಾತು, ಅದೇ ಪರದೆ.

"ಉಸ್ತಾದ್ರ, ಇವತ್ತರ ತೋರಸ್ರಿ."

"ಮುಂದಿನ ಸರ್ತಿ. ಜಲ್ದಿ ಏನದ?"

ಮುಂದಿನ ಸರ್ತಿ, ಮುಂದಿನ ಸರ್ತಿ... ಯುದ್ಧವೇ ಮುಗಿಯಿತು, ಆತನ ಮುಂದಿನ ಸರ್ತಿ ಬರಲಿಲ್ಲ.

ಪೆಟ್ರೋಲು ಮತ್ತೆ ಸಿಗತೊಡಗಿತು. ಸಾವುಕಾರ ಇದ್ದಿಲಿನ ಉರುಳೆ ಕೀಳಿಸಿದ. ಆದರೆ ಹಿಂದೆ ಇದ್ದದ್ದು ಹೊರೆ ಎಳೆಯುವ ನಿಧಾನದ ಜೋಡಿ. ಬಯಲ ಹಾದಿಯಲ್ಲೂ ಎಂಜಿನ್ ಒದರಿ ಒದರಿ ಪೆಟ್ರೋಲು ಕುಡಿಯುತ್ತಿತ್ತು. ಮೊದಲಿನ ಓಟದ ಜೋಡಿಯನ್ನೇ ಮತ್ತೆ ಕೂಡಿಸು, ಪೆಟ್ರೋಲು ಉಳಿಯಬೇಕು, ಸುಗ್ಗಿಯ ಶೇಂಗಾ ಬರುವುದರೊಳಗೆ ಲಾರಿ ಓಡಬೇಕು ಎಂದು ಸಾವುಕಾರನ ಹುಕುಂ. ಉಸ್ತಾದ ಅಚ್ಚು ಬಿಚ್ಚಿ ಹಲ್ಲುಗಳನ್ನೆಲ್ಲ ತೊಳೆದಿಟ್ಟ. ಅಷ್ಟರಲ್ಲಿ ಜ್ವರ ಬಂತು. ಹಾಸಿಗೆ ಹಿಡಿದವನು ಏಳಲೇ ಇಲ್ಲ.

ಮಣ್ಣಿಗೆ ನಾನೂ ಹೋಗಿದ್ದೆ, ಹೆಗಲೂ ಕೊಟ್ಟೆ. ಅಳು ಬರಲಿಲ್ಲ. ಲಾರಿ ಹೊಟ್ಟೆ ತೆರೆದುಕೊಂಡು ಶೆಡ್ಡಿನಲ್ಲಿ ಬಿದ್ದಿತ್ತು. ಹೈದರಾಬಾದಿನಿಂದ ಬೇರೆ ಮಿಸ್ತ್ರಿ ಬರುವುದು ಯಾವಾಗಲೋ. ಸಾವುಕಾರ ನನ್ನ ಜಾಗಕ್ಕೆ ಆಗಲೇ ಬೇರೆಯವನನ್ನು ನೋಡಿದ್ದ, ಸುಗ್ಗಿಯ ಮೊದಲು ಲಾರಿ ಎದ್ದರೆ ಮಾತ್ರ ನಾನು. ಎರಡು ದಿನ ಬಿಟ್ಟು ಒಬ್ಬನೇ ಶೆಡ್ಡಿಗೆ ಹೋಗಿ ಆ ಹಲ್ಲುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಸಿಟ್ಟು ತಡೆಯಲಾಗಲಿಲ್ಲ. ಬಾಯಿಗೆ ಬಂದಂತೆ ಬೈದೆ, ಗಟ್ಟಿಯಾಗಿಯೇ ಬೈದೆ. ವಿದ್ಯೆ ಕದ್ದಿಟ್ಟುಕೊಂಡು ಗೋರಿಗೆ ಒಯ್ದೆಯಲ್ಲೋ ಮುದುಕಾ ಎಂದೆ.

ಶೆಡ್ಡಿಗೂ ಮನೆಗೂ ನಡುವೆ ಒಂದು ಬಾಗಿಲು, ಅದಕ್ಕೂ ಒಂದು ಗೋಣಿಪರದೆ ಇತ್ತು. ಅದರ ಹಿಂದಿನಿಂದ ಹೆಣ್ಣುದನಿ ಬಂತು.

"ಬೈಬ್ಯಾಡ್ರಿ ಅಣ್ಣಾರ. ಅಬ್ಬಾಗ ಕಣ್ಣ ಸಮ ಕಾಣತಿದ್ದಿಲ್ಲ."

ನಾನು ಎದ್ದು ನಿಂತೆ.

"ಭಾಳ ವರ್ಷ ಆತು, ನಡದಾಡಾಕ ಕಾಣತಿತ್ತು, ಹಲ್ಲಿನ ಮ್ಯಾಗಿನ ಕೆಂಪು ಕಾಣತಿದ್ದಿಲ್ರಿ ಅವರಿಗಿ. ನೀವೆಲ್ಲಾ ಭಾಹೇರ ಹೋದ ಮ್ಯಾಗ ನಾ ಬಂದು ನೋಡತಿದ್ದೆ. ತಗಡು ನಾನ ಹಾಕತಿದ್ದೆ."

ಪರದೆಗೆ ಬೆನ್ನು ಮಾಡಿದೆ. "ಹಂಗಾದ್ರ ಈಗ ನೀವ ಬಂದು ಕೂಡಸ್ರಿ ತಂಗಿ. ನಾ ಭಾಹೇರ ಹೋಗ್ತೀನಿ" ಎಂದೆ.

"ಇಲ್ರಿ. ಮಾಮು ಬಂದಾರ, ನಾಳಿ ಮುಂಜಾನಿ ಹೈದರಾಬಾದಕ ಕರಕೊಂಡ ಹೊಂಟಾರ. ನಾ ಕೂಡಿಸಿದ್ರ ಇದೊಂದ ಲಾರಿ ಆಗತದ. ನೀವ ಕಲೀರಿ. ಸವರ್ರಿ ಕೆಂಪು."

ಸವರಿದೆ. ತಿರುಗಿಸಿದೆ.

"ಎಲ್ಲಿ ಬಿತ್ರಿ?"

"ಹಲ್ಲಿನ ಮ್ಯಾಲಿನ ಅಂಚಿಗಿ."

"ಪಿನಿಯನ್ ದೂರ ನಿಂತದ. ಹಿಂದ ಒಂದು ತಗಡ ಸೇರಸ್ರಿ."

ಸೇರಿಸಿದರೆ ಗುರುತು ಹಲ್ಲಿನ ಬುಡಕ್ಕೆ ಇಳಿಯಿತು. ಹೆಚ್ಚಾಯಿತು, ಇನ್ನೂ ತೆಳುವಾದದ್ದು ಹಾಕಿರಿ ಎಂದಳು. ಬಿಚ್ಚಿದೆ, ಹಾಕಿದೆ, ಮತ್ತೆ ಬಿಚ್ಚಿದೆ. ಆಕೆ ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ. ಕೆಂಪು ನಡುವಿಗೆ ಬಂದ ಮೇಲೆ, "ಈಗ ಕೈಲೆ ಅಲಗಾಡಸ್ರಿ. ಉಸರಾಡೂ ಅಷ್ಟು ಸಡಲ ಇರಬೇಕು. ಪೂರಾ ಬಿಗದ್ರ ಬಿಸಿ ಹತ್ತಿ ಹಲ್ಲ ತಿಂತಾವ" ಎಂದಳು. ಹೊತ್ತು ಇಳಿಯುವುದರೊಳಗೆ ಆಕೆ ನನಗೆ ಎಲ್ಲವನ್ನೂ ಕಲಿಸಿಬಿಟ್ಟಿದ್ದಳು. ಕಡೆಗೆ ಗೋಣಿಯ ಕೆಳಗಿನಿಂದ ಉಸ್ತಾದನ ಪಾನಾ ಸರಿದು ಬಂತು. ಬತ್ತಾಸು ಇರಲಿಲ್ಲ, ನಾಲ್ಕು ಮಂದಿ ಇರಲಿಲ್ಲ.

ಲಾರಿ ಸದ್ದಿಲ್ಲದೆ ಓಡಿತು. ಪೆಟ್ರೋಲೂ ಉಳಿಯಿತು. ಸಾವುಕಾರ ಬಾಯಿ ಮುಚ್ಚಿದ. ಮುಂದೆ ಸುರಪುರದಲ್ಲಿ ಶೆಡ್ಡು ಹಾಕಿದೆ, ಮಕ್ಕಳ ಮದುವೆ ಮಾಡಿದೆ, ಎಲ್ಲ ಆ ಒಂದು ಮಧ್ಯಾಹ್ನದ ವಿದ್ಯೆಯ ಮೇಲೆ. ಆದರೂ ಸಿಟ್ಟು ಇಳಿಯಲಿಲ್ಲ, ಹೆಚ್ಚಾಯಿತು. ಕಣ್ಣು ಮಂಜಾಗಿದೆ ಎಂದು ಹೇಳಲು ಆ ಮನುಷ್ಯನಿಗೆ ಏನು ಧಾಡಿಯಾಗಿತ್ತು? ಕೆಲಸ ಬರುವುದು ನಿಂತೀತೆಂಬ ಅಂಜಿಕೆ ಇರಬಹುದು, ಒಪ್ಪಿದೆ. ಮಗಳಿಂದ ಲಾರಿ ಕೆಲಸ ಮಾಡಿಸುತ್ತಾನೆ ಎಂದು ಮಂದಿ ಆಡಿಕೊಂಡಾರು ಎಂಬ ನಾಚಿಕೆ ಇರಬಹುದು, ಅದನ್ನೂ ಒಪ್ಪಿದೆ. ಆದರೆ ಆಕೆ ಒಳಗೆ ಜಾಜಿನ ಕೈ ತೊಳೆದುಕೊಳ್ಳುತ್ತಿದ್ದಾಗ ಇವನು ಚಾದ ಅಂಗಡಿಯಲ್ಲಿ ಕೂತು ತನ್ನ ಕೈ ಎತ್ತಿ ತೋರಿಸುತ್ತಿದ್ದನಲ್ಲ! ಅದಕ್ಕೆ ಯಾವ ಅಂಜಿಕೆ, ಯಾವ ನಾಚಿಕೆ? ಮೂರು ಊರಿಗೆ ಇದ್ದ ಒಬ್ಬಳೇ ಒಬ್ಬ ಮಿಸ್ತ್ರಿಯನ್ನು ಯಾರದೋ ಒಲೆಯ ಮುಂದೆ ಕೂಡಿಸಲು ಒಯ್ದರು, ಯಾರಿಗೂ ಏನೂ ಕಳೆದುಹೋದಂತೆ ಅನಿಸಲಿಲ್ಲ. ನಾನು ಆತನನ್ನು ಹಚ್ಚಿಕೊಂಡಿದ್ದೆ, ಅಣ್ಣನ ಹಾಗೆ ನೋಡಿದ್ದೆ. ಅದಕ್ಕೇ ಇಷ್ಟು ಉರಿ.

ಮುಂದೊಮ್ಮೆ ಸಾಮಾನು ತರಲು ಹೈದರಾಬಾದಿಗೆ ಹೋದಾಗ ಗುಜರಿಯ ಓಣಿಗಳಲ್ಲಿ ವಿಚಾರಿಸಿದೆ. ಯಾದಗಿರಿಯ ಉಸ್ತಾದನ ಮಗಳು, ಮಾಮು ಕರೆದುಕೊಂಡು ಬಂದರು... ಅಂಗಡಿಯವನು ನಕ್ಕ. ಅಂಥವರು ಈ ಊರಿನಲ್ಲಿ ಎಷ್ಟಿಲ್ಲ ಎಂದ.

ಬಸ್ಸಿನ ಗಾಲಿ ಹಾಕುವ ತನಕ ಆ ಗ್ಯಾರೇಜಿನಲ್ಲೇ ನಿಂತಿದ್ದೆ. ಮಿಸ್ತ್ರಿ ಹಲ್ಲಿಗೆ ಬಣ್ಣ ಸವರಿ ತಿರುಗಿಸಿದ. ತಡೆಯಲಾರದೆ, ಬುಡಕ್ಕೆ ಇಳಿದಿದೆ ನೋಡಪ್ಪ ಎಂದೆ. ಆತ ಬಗ್ಗಿ ನೋಡಿ, ತಗಡು ಬದಲಿಸಿ, ನನ್ನ ಮುಖ ನೋಡಿದ.

"ಕಸಬದವ್ರ ಇದ್ದಂಗ ಅದೀರಿ. ಯಾರ ಕಡಿ ಕಲತೀರಿ ಅಜ್ಜಾರ?"

"ಒಬ್ಬಾಕಿ ಹೆಣ್ಣಮಗಳ ಕಡಿ."

ಸುತ್ತ ಇದ್ದವರೆಲ್ಲ ನಕ್ಕರು. ಆತ ನಗಲಿಲ್ಲ. "ಹೌದ್ರಿ? ಹೆಸರೇನ್ರಿ ಅವರದು?" ಎಂದು ಕೇಳಿದ.

ಅವತ್ತು ಪರದೆಯ ಹಿಂದಿನ ಹೆಣ್ಣುಮಗಳ ಹೆಸರು ಕೇಳುವ ರೀತಿ ಇರಲಿಲ್ಲ, ತಂಗಿ ಎಂದಷ್ಟೇ ಕರೆದಿದ್ದೆ. ಆತನ ಮನೆಗೆ ಅಷ್ಟು ವರ್ಷ ಕಟ್ಟಿಗೆ ಒಡೆದಿದ್ದೆ, ಒಂದು ದಿನವೂ ನನ್ನ ಮಗಳ ಹೆಸರು ಇದು ಎಂದು ಆತ ಅಂದಿರಲಿಲ್ಲ.

"ಗೊತ್ತಿಲ್ಲಪ್ಪ" ಎಂದು ಹೇಳಿ ಬಸ್ಸು ಹತ್ತಿದೆ.