ಕಾಕು ಆರಿಸಿ ಕೊಟ್ಟ ಹಲಗೆ

ಕಾಕುವಿನ ಎಡಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು ನಿಂತಿತ್ತು, ಪಾಲು ತೆಗೆದುಕೊಂಡು ಬೇರೆ ಮನೆ ಮಾಡಿದ ಅಣ್ಣನ ಹಾಗೆ. ಅಗಲ ಪಾದ, ಒಡೆದ ಹಿಮ್ಮಡಿ, ಸವೆದು ತಗಡಿನಂತಾದ ಕಾಲುಂಗುರ. ಹೊಸ್ತಿಲಲ್ಲಿ ಅವಳ ಒದ್ದೆ ಹೆಜ್ಜೆ ಮೂಡಿದರೆ ಯಾರದೆಂದು ಕೇಳಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಆ ಹೆಜ್ಜೆಯ ಮೇಲೆ ನನ್ನ ಕಾಲಿಟ್ಟು ಹೆಬ್ಬೆರಳನ್ನು ಎಳೆದೆಳೆದು ಹಾಗೆ ಮಾಡಲು ನೋಡುತ್ತಿದ್ದೆ. ಆಗಲಿಲ್ಲ. ತಂಗಿಯ ಹೆಬ್ಬೆರಳು ಹುಟ್ಟುವಾಗಲೇ ತುಸು ಹಾಗಿತ್ತು. ನನ್ನ ಹೊಟ್ಟೆಯುರಿಯನ್ನು ಅಲ್ಲಿಂದಲೇ ಹೇಳಬೇಕು.

ಕಾಕು ನಮ್ಮ ಕಾಕಾನ, ಅಂದರೆ ಅಪ್ಪನ ತಮ್ಮನ ಹೆಂಡತಿ. ಕಣಗಲಾ ಕಡೆಯ ಭತ್ತದ ಗದ್ದೆಗಳಿಂದ ಮೂಡಲಗಿ ಹತ್ತಿರದ ನಮ್ಮ ತೋಟದ ಮನೆಗೆ ಸೊಸೆಯಾಗಿ ಬಂದವಳು. ಮಕ್ಕಳಿರಲಿಲ್ಲ. ಅಕ್ಕತಂಗಿಯರಿಬ್ಬರೂ ಅವಳನ್ನು ಹಂಚಿಕೊಂಡೆವು ಎಂದು ಎಲ್ಲರೂ ತಿಳಿದಿದ್ದರು. ಹಂಚಿಕೊಳ್ಳಲಿಲ್ಲ, ಕಿತ್ತಾಡಿದೆವು. ಅಂದರೆ ನಾನು ಕಿತ್ತಾಡಿದೆ. ತಂಗಿಗೆ ಹಾಗೊಂದು ಜಗಳ ನಡೆದಿದೆ ಎಂಬುದೇ ಗೊತ್ತಿರಲಿಲ್ಲ, ಎಲ್ಲ ಕೇಳದೆಯೇ ಸಿಗುತ್ತಿತ್ತಲ್ಲ.

ಹಲಗೆಯ ಹುಚ್ಚು ಶುರುವಾದದ್ದು ತೊಂಬತ್ತರ ದಶಕದ ನಡುವೆ, ನಾಗರ ಪಂಚಮಿ ಹತ್ತಿರ ಬಂದಾಗ. ಮನೆಯಲ್ಲಿ ಹಾಸಿ ಹೊದೆಯುವ ಕೌದಿಗಳನ್ನೆಲ್ಲ ಹೊತ್ತುಕೊಂಡು ಕಾಲುವೆಯಲ್ಲಿ ಒಗೆಯಲು ಹೋಗಿದ್ದೆವು. ಆಯಿ, ಅಂದರೆ ನಮ್ಮ ಅಜ್ಜಿ, ತನ್ನ ಕೈಯಾರೆ ಹೊಲಿದ ಕೌದಿಯೊಂದು ಕೈಜಾರಿ ಸೆಳವಿಗೆ ಸಿಕ್ಕಿತು. ಅಷ್ಟರಲ್ಲಿ ಕಾಕಾ ದಂಡೆಯ ದಾರಿಯಲ್ಲಿ ಟ್ರ್ಯಾಕ್ಟರ್ ಹೊಡೆದುಕೊಂಡು ಬಂದ. ಹಿಂದೆ ಉದ್ದನೆಯ ಹಗ್ಗವೊಂದು ನೆಲದ ಮೇಲೆ ಎಳೆದಾಡುತ್ತಿತ್ತು. ಕಾಕು ಸೀರೆಯನ್ನು ಕಚ್ಚೆ ಬಿಗಿದು, ಕೌದಿ ಬಡಿಯಲು ಹಾಸಿದ್ದ ಹಳೆಯ ಕದದ ಹಲಗೆಯನ್ನು ನೀರಿಗೆ ದಬ್ಬಿ, ಹಗ್ಗದ ತುದಿ ಹಿಡಿದು ಅದರ ಮೇಲೆ ಮಂಡಿಯೂರಿದಳು.

"ಏನ್ರಿ, ನಿಲ್ಲಿಸಬ್ಯಾಡ್ರಿ! ಹೊಡೀರಿ, ಜೋರ ಹೊಡೀರಿ!" ಎಂದು ಕಾಕಾನಿಗೆ ಕೂಗಿದಳು.

ಕಾಕಾ ಗಾಬರಿಯಲ್ಲಿ ಜೋರಾಗಿ ಹೊಡೆದ. ಹಲಗೆ ನೀರಿನ ಮೇಲಕ್ಕೆದ್ದಿತು, ಅದರ ಮೇಲೆ ಕಾಕುವೂ ಎದ್ದು ನಿಂತಳು. ಎಡಗಾಲು ಮುಂದೆ, ಹಿಂದೆ ಎರಡು ಕಡೆ ನೊರೆ. ಕೌದಿಯ ಹತ್ತಿರ ಬಂದಳು, ಕೌದಿಯನ್ನು ದಾಟಿದಳು, ನಗುತ್ತ ಮುಂದೆ ಹೋಗಿಯೇಬಿಟ್ಟಳು. ಯಾಕೆ ಹೊರಟಿದ್ದೆ ಎಂಬುದನ್ನೇ ಮರೆತಿದ್ದಳು. ಆಯಿ ಬದುಕಿರುವವರೆಗೂ ಆ ಕೌದಿಯ ಹೆಸರು ಹೇಳಿ ಅವಳನ್ನು ಬೈದಳು.

ಆಮೇಲೆ ಕಾಲುವೆಗೆ ನೀರು ಬಿಟ್ಟಾಗಲೆಲ್ಲ ನಮ್ಮ ದಂಡೆಯಲ್ಲಿ ಜಾತ್ರೆ. ಅಕ್ಕಪಕ್ಕದ ತೋಟದ ಗಂಡಸರು ಮೀಸೆ ತಿರುವಿಕೊಂಡು ಬಂದು ಒಬ್ಬೊಬ್ಬರಾಗಿ ಮುಳುಗಿದರು. ಅವರ ತಪ್ಪು ಒಂದೇ. ನಮ್ಮ ಕಡೆ ಹೊಲದ ಮಣ್ಣಿನ ಹೆಂಟೆ ಒಡೆಯಲು ಎತ್ತುಗಳಿಗೆ ಮರದ ಕೊರಡು ಕಟ್ಟಿ, ಅದರ ಮೇಲೆ ಹಿಮ್ಮಡಿ ಊರಿ, ಮೈಯನ್ನೆಲ್ಲ ಹಿಂದಕ್ಕೆ ಒರಗಿಸಿ ನಿಲ್ಲುತ್ತಾರೆ. ನೀರಿನ ಮೇಲೂ ಹಾಗೆಯೇ ನಿಂತರು. ಹಲಗೆಯ ಹಿಂದಿನ ತುದಿ ಮುಳುಗಿ, ಮೂತಿ ಆಕಾಶ ನೋಡಿ, ಯಜಮಾನರು ನೀರು ಕುಡಿದರು. ಕಾಕು ಚಿಕ್ಕವಳಿದ್ದಾಗ ಭತ್ತದ ಗದ್ದೆಯ ಕೆಸರಿನಲ್ಲಿ ಹಲಗೆಯ ಮೇಲೆ ನಿಂತು ಬೆಳೆದವಳು. ಅಲ್ಲಿ ಹಿಂದೆ ಒರಗಿದರೆ ಹಲಗೆ ಹೂತುಹೋಗುತ್ತದೆ.

"ಇದು ನಿಮ್ಮ ಹೆಂಟಿ ಅಲ್ರಿ ಮಾವಾರ, ನೀರ ಐತಿ. ಒಡ್ಯಾಕ ಹೋಗಬ್ಯಾಡ್ರಿ" ಎಂದು ದಂಡೆಯ ಮೇಲಿಂದ ಹೇಳುತ್ತಿದ್ದಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರೂ ನಗು ಕೇಳುತ್ತಿತ್ತು.

ಕಲಿಯಬೇಕೆಂದವರಿಗೆ ಅವಳು ಸುಮ್ಮನೆ ಹಲಗೆ ಕೊಡುತ್ತಿರಲಿಲ್ಲ. ಮೊದಲು ಹೊಲಕ್ಕೆ ಕರೆದುಕೊಂಡು ಹೋಗಿ ಕೊರಡಿನ ಮೇಲೆ ನಿಲ್ಲಿಸಿ ಎತ್ತು ಹೊಡೆಸುತ್ತಿದ್ದಳು. ತಾನು ಪಕ್ಕದಲ್ಲಿ ನಡೆಯುತ್ತ ಕಾಲನ್ನಷ್ಟೇ ನೋಡುತ್ತಿದ್ದಳು. ಯಾವ ಕಾಲು ಮುಂದೆ ಬರುತ್ತದೆ, ಹೆಂಟೆ ಎಡವಿದಾಗ ಮಂಡಿ ಬಗ್ಗುತ್ತದೋ ಸೊಂಟ ತಿರುಗುತ್ತದೋ, ಅಷ್ಟು ಸಾಕು. ಮೈ ಭಾರ ಇದ್ದವರಿಗೆ ಉದ್ದನೆಯ ಹಲಗೆ. ಅತ್ತಿತ್ತ ಹೊರಳಲು ಹಂಬಲಿಸುವವರಿಗೆ ಗಿಡ್ಡದು. ದೂರ ಹೋಗಬೇಕೆನ್ನುವವರಿಗೆ ಅಡಿಯಲ್ಲಿ ಉದ್ದಕ್ಕೆ ಮರದ ಪಟ್ಟಿ ಹೊಡೆದದ್ದು. ಟ್ರ್ಯಾಕ್ಟರ್ ದಂಡೆಯ ಮೇಲಿರುವುದರಿಂದ ಹಗ್ಗ ಸದಾ ದಂಡೆಯತ್ತ ಎಳೆಯುತ್ತದೆ. ಪಟ್ಟಿ ಇದ್ದರೆ ಹಲಗೆ ಹಟ ಹಿಡಿದು ನೇರ ಹೋಗುತ್ತದೆ, ಇಲ್ಲದಿದ್ದರೆ ಎಲ್ಲವನ್ನೂ ಕಾಲೇ ನೋಡಿಕೊಳ್ಳಬೇಕು. ಮೂತಿಯನ್ನು ಬಾಚಿಯಿಂದ ಕೆತ್ತಿ, ಔಡಲೆಣ್ಣೆ ತಿಕ್ಕಿ, ಒಣಗಲು ಗೋಡೆಗೆ ಒರಗಿಸುತ್ತಿದ್ದಳು.

ತಂಗಿಗೆ ಕೊಟ್ಟದ್ದು ಸಾಗವಾನಿ ಕದದ ಹಲಗೆ. ಹೌದು, ಕಾಕು ಮೊದಲ ದಿನ ನಿಂತಿದ್ದ ಅದೇ ಹಲಗೆ. ಅದನ್ನು ಕಿರಿದಾಗಿ, ಗಿಡ್ಡಗೆ ಕೊಯ್ದು ತೆಳ್ಳಗೆ ಮಾಡಿದ್ದಳು. ಅಡಿಯಲ್ಲಿ ಪಟ್ಟಿ ಇಲ್ಲ. ನನಗೆ ಕೊಟ್ಟದ್ದು ಎತ್ತಿನ ಬಂಡಿಯ ಹಲಗೆ. ಉದ್ದ, ಅಗಲ, ಅಡಿಯಲ್ಲಿ ಒಂದಲ್ಲ, ಎರಡು ಪಟ್ಟಿ.

"ನನಗ ಯಾಕ ಈ ಬಂಡಿ?" ಎಂದೆ.

"ಆಕಿದು ಓಡೂ ಕಾಲು ಐತಿ. ನಿಂದು ನಿಂದ್ರೂ ಕಾಲು" ಎಂದಳು.

ಅವಳದು ಓಡುವ ಕಾಲು, ನನ್ನದು ನಿಲ್ಲುವ ಕಾಲು! ಹದಿನಾರರ ಹುಡುಗಿಗೆ ಹೇಳುವ ಮಾತೇ ಅದು? ಅಂದು ಊಟ ಬಿಟ್ಟೆ. ತಂಗಿ ಆ ಬೋಳು ಹಲಗೆಯ ಮೇಲೆ ನೀರು ಚಿಮ್ಮಿಸುತ್ತ, ಒಂದು ಸುತ್ತು ಗಿರ್ರನೆ ತಿರುಗಿ ಮತ್ತೆ ಹಗ್ಗ ಬಿಗಿ ಮಾಡಿಕೊಂಡು ನಿಂತಾಗ ಕಾಕು ದಂಡೆಯ ಮೇಲೆ ಓಡುತ್ತಿದ್ದಳು, ಸೆರಗು ಎಲ್ಲಿದೆ ಎಂಬ ಎಚ್ಚರವಿಲ್ಲದೆ. ನನ್ನ ಸರದಿ ಬಂದಾಗ ನಡೆಯುತ್ತಿದ್ದಳು. ಓಡುವ ಅಗತ್ಯವೇ ಬೀಳಲಿಲ್ಲ, ನಾನು ಬೀಳುತ್ತಲೇ ಇರಲಿಲ್ಲವಲ್ಲ. ಒಮ್ಮೊಮ್ಮೆ ತಂಗಿ ಬಿದ್ದು ಮೂಗಿಗೆ ನೀರು ಹೋಗಲಿ ಎಂದು ಬಯಸಿದ್ದೂ ಉಂಟು. ಬಿದ್ದರೂ ಅವಳು ನಗುತ್ತಲೇ ಏಳುತ್ತಿದ್ದಳು. ಏನು ಮಾಡುತ್ತೀರಿ ಅಂಥವಳನ್ನು?

ಕೊನೆಗೆ ಒಂದು ದಿನ ಆ ಹಲಗೆ ನನಗೂ ಬೇಕು ಎಂದು ಹಟ ಹಿಡಿದೆ. ಕಾಕು ಬೇಡ ಎನ್ನಲಿಲ್ಲ, ತಾನೇ ತಂದು ನೀರಿಗಿಟ್ಟಳು. ನಾನು ಹಲ್ಲು ಕಚ್ಚಿ ನಿಂತೆ. ದಂಡೆಯತ್ತ ಎಳೆಯುವ ಹಗ್ಗಕ್ಕೆ ತೊಡೆ ನಡುಗುವಷ್ಟು ಎದುರು ಒತ್ತಿ, ಸೇತುವೆಯವರೆಗೂ ಹೋದೆ. ಒಂದು ಸಲ ತಿರುಗಿದೆ ಕೂಡ. ಬೀಳಲಿಲ್ಲ. ದಂಡೆ ಹತ್ತಿ ಬಂದು ಗೆದ್ದವಳ ಹಾಗೆ ಅವಳ ಮುಖ ನೋಡಿದೆ.

"ಬೀಳಲಿಲ್ಲ, ಖರೆ" ಎಂದಳು ಕಾಕು. "ಆದ್ರ ಒಮ್ಮೆನೂ ನಗಲಿಲ್ಲಲ್ಲ ನೀ. ನಿನ್ನ ಹಲಗಿ ಮ್ಯಾಲ ನಿಂತಾಗ ನೀ ಗುನುಗತಿರತಿ. ನಿನಗ ಗೊತ್ತಿಲ್ಲ."

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮರುದಿನ ಬಂಡಿಯ ಹಲಗೆಯ ಮೇಲೆ ನಿಂತಾಗ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡೆ, ಅವಳ ಮಾತು ಸುಳ್ಳಾಗಲಿ ಎಂದು. ಸೇತುವೆ ಬರುವ ಮೊದಲೇ ಗಂಟಲಿನಿಂದ ಅದೇನೋ ರಾಗ ಹೊರಟಿತ್ತು. ಸಿಟ್ಟು ಬಂತು. ಅಷ್ಟು ಚೆನ್ನಾಗಿ ನನ್ನನ್ನು ನೋಡಿದವಳು ನನ್ನನ್ನೇ ಹೆಚ್ಚು ಇಷ್ಟಪಡಬಾರದಿತ್ತೇ?

ನನ್ನನ್ನು ಹುಕ್ಕೇರಿಗೆ ಕೊಟ್ಟರು. ತಂಗಿ ಆಟದ ಟೀಚರಾಗಿ ಕಾರವಾರದ ಕಡೆ ಹೋದಳು, ಸಮುದ್ರವೂ ಅವಳಿಗೇ ಸಿಕ್ಕಿತು. ಕಾಕಾ ತೀರಿಕೊಂಡ ಮೇಲೆ ಕಾಕುವಿನ ಕಾಲು ಬಾತು, ಉಸಿರು ಗಿಡ್ಡದಾಗಿ, ತೋಟದಲ್ಲಿ ಒಬ್ಬಳೇ ಇರಲಾಗದಂತಾಯಿತು. ನಾನು ಹೋಗಿ ಕರೆತಂದೆ. ಬಸ್ಸಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು ಬರುವಾಗ ನನಗೆ ಒಳಗೊಳಗೇ ಹಿಗ್ಗು, ಕಾಕು ಕೊನೆಗೂ ನನ್ನ ಪಾಲಿಗೆ ಬಂದಳು ಎಂದು.

ಎಲ್ಲಿ ಬಂದಳು! ಗಂಜಿ ಕುಡಿಸಿ ಬಾಯಿ ಒರೆಸಿದರೆ, "ಸಣ್ಣಾಕಿ ಫೋನ್ ಮಾಡಿದ್ಲೇನು?" ಕಾಲಿಗೆ ಎಣ್ಣೆ ತಿಕ್ಕಿದರೆ, "ಸಣ್ಣಾಕಿ ಯಾವಾಗ ಬರತಾಳ?" ತಂಗಿಗೆ ಶಾಲೆಯ ಪಂದ್ಯಗಳಿದ್ದವು, ಮುಗಿಸಿ ಬರುತ್ತೇನೆ ಎಂದಿದ್ದಳು. ನಾನು ಅದನ್ನೇ ಹೇಳಿ ಹೇಳಿ ಸಾಕಾದೆ. ಕಣ್ಣೆದುರಿಗೇ ಇರುವವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ನೋಡಿ.

ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಲ್ಲಬೇಕು ಎಂದಳು. ಏಳಿಸಿದೆ. ನನ್ನ ಹೆಗಲು ಹಿಡಿದಳು. ಬಾತ ಎಡಗಾಲು ತಾನಾಗಿಯೇ ಮುಂದೆ ಹೋಯಿತು, ಹಿಮ್ಮಡಿ ತುಸು ಎದ್ದಿತು, ಮಂಡಿ ಹದವಾಗಿ ಬಗ್ಗಿತು. ಕಾಲುವೆಯ ನೀರು ಮಾತ್ರ ಇರಲಿಲ್ಲ.

"ನಿನ್ನ ಹಿಡದ್ರ ನಾ ಬೀಳೂದಿಲ್ಲ ನೋಡವ್ವಾ" ಎಂದಳು. ನನ್ನ ಕಣ್ಣು ತುಂಬಿ ಬಂತು. ಆ ಒಂದು ಮಾತಿಗೆ ಎಷ್ಟು ವರ್ಷ ಕಾದಿದ್ದೆ! ಕಾಕು ಬೀದಿಯ ಕಡೆ ಕತ್ತು ಚಾಚಿ, "ಬಸ್ಸಿನ ಹೊತ್ತಾತು. ಸಣ್ಣಾಕಿ ಬಂದ್ಲೇನು ನೋಡು" ಎಂದಳು.

ತಂಗಿ ಬಂದದ್ದು ಕಾಕು ಕಣ್ಣು ಮುಚ್ಚಿದ ಮೇಲೆ. ಚೀಲವನ್ನು ಹೆಗಲಿನಿಂದ ಇಳಿಸದೆ ಹೊಸ್ತಿಲಲ್ಲೇ ನಿಂತಳು. ಹೊದಿಕೆಯ ಹೊರಗೆ ಕಾಕುವಿನ ಪಾದ ಕಾಣುತ್ತಿತ್ತು, ಹೆಬ್ಬೆರಳು ಎಂದಿನಂತೆ ದೂರ ಸರಿದುಕೊಂಡು.

"ಅಕ್ಕಾ, ನನ್ನ ಕೇಳಿದ್ಲೇನ?"

ಇಲ್ಲ ಎನ್ನಬಹುದಿತ್ತು. ಒಳಗೆ ನಾನೊಬ್ಬಳೇ ಇದ್ದದ್ದು, ಯಾರಿಗೂ ತಿಳಿಯುತ್ತಿರಲಿಲ್ಲ. ಕಾಕುವಿನ ಕೊನೆಯ ದಿನಗಳು ಪೂರ್ತಿ ನನ್ನವೇ ಆಗಿ ಉಳಿಯುತ್ತಿದ್ದವು. ನಾಲಿಗೆಯ ತುದಿಯವರೆಗೂ ಬಂದಿತ್ತು.

"ದಿನಾ ಕೇಳತಿದ್ಲು" ಎಂದೆ. "ಮುಂಜಾನಿ ಎದ್ದ ಕೂಡಲೇ ನಿನ್ನನ್ನ ಕೇಳತಿದ್ಲು."

ತಂಗಿಯ ಕಾಲು ಕುಸಿಯಿತು. ಮೈಯ ಭಾರವನ್ನೆಲ್ಲ ನನ್ನ ಮೇಲೆ ಹಾಕಿ, ಚಿಕ್ಕ ಮಗುವಿನ ಹಾಗೆ ಬಾಯಿಬಿಟ್ಟು ಅತ್ತಳು. ನೆರೆಯವರು ಓಡಿ ಬಂದು ಅವಳ ಬೆನ್ನು ಸವರಿದರು. ಅಳುವುದಕ್ಕೂ ಇವಳಿಗೇ ಮೊದಲ ಸರದಿ ಸಿಕ್ಕಿತಲ್ಲ ಎಂದು ಹೊಟ್ಟೆ ಉರಿಯಿತು. ಉರಿಯುತ್ತಲೇ ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತೆ. ಒಂದಿಷ್ಟೂ ಅಲುಗಲಿಲ್ಲ. ಕಾಕು ನನ್ನ ಕಾಲನ್ನು ಸರಿಯಾಗಿಯೇ ನೋಡಿದ್ದಳು.