ಅಣ್ಣನ ಸೊಂಟದ ಅಳತೆ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಬರವಿಲ್ಲ. ನಮ್ಮ ಓಣಿಯಲ್ಲೇ ನಿಂತು ಕೇಳಿದರೆ ಎಡಕ್ಕೂ ಬಲಕ್ಕೂ ಮಷೀನಿನ ಸದ್ದು. ಒಬ್ಬರು ರೇಟು ಇಳಿಸಿದರೆ ಪಕ್ಕದವರು ಇನ್ನೂ ಇಳಿಸುತ್ತಾರೆ. ಈ ಜಗ್ಗಾಟದಲ್ಲಿ ನಮ್ಮಂಥ ಸಣ್ಣ ಯೂನಿಟ್ಟು ಉಳಿಯುವುದಿಲ್ಲ ಅಂತ ಅಣ್ಣನಿಗೆ ಬೇಗ ಗೊತ್ತಾಯಿತು. ಬ್ರೂಸ್‌ಪೇಟೆಯ ಹೋಲ್‌ಸೇಲ್ ಅಂಗಡಿಗಳ ಸಹವಾಸ ಬಿಟ್ಟು ಸಿರುಗುಪ್ಪ, ಕುರುಗೋಡಿನ ಬಟ್ಟೆ ಅಂಗಡಿಗಳನ್ನು ಹಿಡಿದ. ಅಲ್ಲಿ ಬಹಳ ಕಡೆ ಟ್ರಯಲ್ ರೂಮ್ ಇರುವುದಿಲ್ಲ. ಗಿರಾಕಿ ಬಂದು ಸೈಜು ಹೇಳುತ್ತಾನೆ, ಕವರಿಗೆ ಹಾಕಿಸಿಕೊಂಡು ಬಸ್ಸು ಹತ್ತುತ್ತಾನೆ. ಮನೆಯಲ್ಲಿ ಹಾಕಿಕೊಂಡಾಗ ಸರಿ ಕೂತರೆ ಮುಂದಿನ ಸಲವೂ ಅದನ್ನೇ ಕೇಳುತ್ತಾನೆ. ಬಿಗಿಯಾದರೆ ಅಂಗಡಿಯವರ ತಲೆ ತಿನ್ನುತ್ತಾನೆ.

ಒಮ್ಮೆ ಸಣ್ಣ ಉದ್ದಿಮೆದಾರರ ತರಬೇತಿಗೆ ಅಣ್ಣ ತಂಗಿ ಇಬ್ಬರೂ ಹೋಗಿದ್ದೆವು. ನಿಮ್ಮ ಕಾರ್ಯತಂತ್ರವೇನು, ಸಾಧನೆಯನ್ನು ಯಾವುದರಿಂದ ಅಳೆಯುತ್ತೀರಿ ಅಂತ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ಉಳಿದವರು ದೊಡ್ಡ ದೊಡ್ಡ ಮಾತಾಡಿದರು. ಅಣ್ಣ ಎದ್ದು, ಹೋದ ಮಾಲು ವಾಪಸ್ ಬರಬಾರದು ಅಷ್ಟೇ, ಅಂದು ಕೂತುಬಿಟ್ಟ. ಇನ್ನೊಂದೆರಡು ಮಾತು ಸೇರಿಸಿದ್ದರೆ ಇವನ ಗಂಟೇನು ಹೋಗುತ್ತಿತ್ತು ಅಂತ ನಾನು ದಾರಿಯುದ್ದಕ್ಕೂ ಗೊಣಗಿದೆ. ಆದರೆ ನಮ್ಮ ಯೂನಿಟ್ಟು ನಿಂತಿದ್ದು ಆ ಒಂದು ಮಾತಿನ ಮೇಲೆಯೇ.

ಅದಕ್ಕೆ ಅವನದೇ ಒಂದು ಪದ್ಧತಿಯಿತ್ತು. ಹೊಸ ಡಿಸೈನಿನ ಮೊದಲ ಪ್ಯಾಂಟನ್ನು ಅವನೇ ಹಾಕಿಕೊಳ್ಳಬೇಕು. ಅವನ ಸೊಂಟ ಮೂವತ್ನಾಲ್ಕು. ಅದರಲ್ಲೇ ಸ್ಕೂಟರ್ ಓಡಿಸುತ್ತಿದ್ದ, ಗೋಡೌನಿನ ಏಣಿ ಹತ್ತುತ್ತಿದ್ದ, ನಮ್ಮ ಮನೆಗೆ ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟ ಮಾಡುತ್ತಿದ್ದ. ಟೇಪು ಹೇಳುವುದು ನಿಂತವನ ಅಳತೆ, ನಮ್ಮ ಗಿರಾಕಿ ಕೂತು ಉಣ್ಣುವವನು ಅನ್ನುವುದು ಅವನ ವಾದ. ಬಿಗಿ ಅನಿಸಿದರೆ ಬಿಡಿಸುತ್ತಿದ್ದ, ಸಡಿಲ ಅನಿಸಿದರೆ ಹಿಡಿಸುತ್ತಿದ್ದ. ಅವನಿಗೆ ಒಪ್ಪಿಗೆಯಾದ ಮೇಲೆ ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಉಳಿದ ಸೈಜುಗಳನ್ನು ಅದರಿಂದಲೇ ಹಿಗ್ಗಿಸಿ ಕುಗ್ಗಿಸಿ ಮಾಡುತ್ತಿದ್ದೆವು. ಡಿಸೈನು ಬದಲಾದರೆ ಹಳೆಯ ಅಚ್ಚನ್ನು ಎಸೆಯುತ್ತಿದ್ದೆವು.

ಹೋದ ದೀಪಾವಳಿಯ ಸೀಜನ್ ಮುಗಿಯುವ ಮೊದಲೇ ಮಾಲು ವಾಪಸ್ ಬರತೊಡಗಿತು. ಮೊದಲು ಕುರುಗೋಡಿನಿಂದ, ಆಮೇಲೆ ಸಿರುಗುಪ್ಪದಿಂದ. ಎಲ್ಲರದೂ ಒಂದೇ ದೂರು, ಸೊಂಟ ಬಿಗಿ. ಜೀನ್ಸ್ ಹೊಲಿದ ಮೇಲೆ ವಾಷಿಂಗಿಗೆ ಹೋಗುತ್ತದೆ, ಅಲ್ಲಿ ಒಂದಿಷ್ಟು ಕುಗ್ಗುತ್ತದೆ. ಅಲ್ಲೇ ಏನೋ ಎಡವಟ್ಟಾಗಿದೆ ಅಂತ ವಾಷಿಂಗಿನವರನ್ನು ಬದಲಿಸಿದೆವು. ಬಟ್ಟೆಯನ್ನೂ ಬದಲಿಸಿದೆವು. ಹೊಸ ಬಟ್ಟೆಯ ಮೊದಲ ಪ್ಯಾಂಟ್ ಹಾಕಿಕೊಂಡು ಅಣ್ಣ, ಇದು ಕುಗ್ಗುವುದೇ ಇಲ್ಲ, ಸಡಿಲವಾಗಿದೆ, ಅಂತ ಇನ್ನೊಂದು ಚೂರು ಹಿಡಿಸಿದ. ಆ ಮಾಲೂ ವಾಪಸ್ ಬಂತು. ಅಣ್ಣ ತಂಗಿ ಮಾತು ಬಿಡುವಷ್ಟು ಜಗಳವಾಡಿದೆವು. ಕೊನೆಗೆ ಸಿರುಗುಪ್ಪದ ದೊಡ್ಡ ಅಂಗಡಿಯ ಸಾಹುಕಾರರು, ಇದ್ದ ಮಾಲು ಒಯ್ಯಿರಿ, ಇನ್ನು ಕಳಿಸಬೇಡಿ ಅಂತ ಫೋನ್ ಮಾಡಿಸಿದರು. ಅವರು ಕೈಬಿಟ್ಟರೆ ನಮ್ಮ ಅರ್ಧ ಮಷೀನುಗಳು ನಿಲ್ಲುತ್ತಿದ್ದವು. ಅವುಗಳ ಮುಂದೆ ಕೂರುವ ಹೆಂಗಸರಿಗೆ ಏನು ಹೇಳುವುದು ಅಂತ ನನಗೆ ಊಟ ಸೇರಲಿಲ್ಲ.

ಮರುದಿನವೇ ಇಬ್ಬರೂ ಸಿರುಗುಪ್ಪದ ಬಸ್ಸು ಹತ್ತಿದೆವು. ಅಂಗಡಿಗಳಿಗೆ ಓಡಾಡುವುದು ಸದಾ ನನ್ನ ಕೆಲಸ, ಸಾಹುಕಾರರು ಅಣ್ಣನನ್ನು ನೋಡಿ ವರ್ಷದ ಮೇಲಾಗಿತ್ತು. ಅಣ್ಣ ಬೇಕಂತಲೇ ಹೊಸ ಪ್ಯಾಂಟ್ ಹಾಕಿಕೊಂಡು ಬಂದಿದ್ದ. ಅಂಗಡಿಯ ನಡುವೆ ನಿಂತು, "ನೋಡ್ರಿ ಸಾಹುಕಾರ್ರ, ಮೂವತ್ನಾಲ್ಕೇ ಐತಿ. ನನಗ ಎಷ್ಟು ಛಲೋ ಕುಂತೈತಿ," ಅಂದ.

ಸಾಹುಕಾರರು ಪ್ಯಾಂಟ್ ನೋಡಲಿಲ್ಲ. ಅವನ ಕುತ್ತಿಗೆ ನೋಡಿದರು, ಕೆನ್ನೆ ನೋಡಿದರು. ಎದ್ದು ಹೋಗಿ, ಮೇಲಿನ ಕಪಾಟಿನಿಂದ ನಮ್ಮದೇ ಹಳೆಯ ಮಾಲೊಂದನ್ನು ತೆಗೆದು ಕೊಟ್ಟರು. ಎರಡು ವರ್ಷದಿಂದ ಮಾರಾಟವಾಗದೆ ಉಳಿದ ಮೂವತ್ನಾಲ್ಕು. ಅಣ್ಣ ಒಳಗೆ ಹೋಗಿ ಹಾಕಿಕೊಂಡು ಬಂದ. ಜಾರದಂತೆ ಸೊಂಟದ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

"ಮಾಲಿನ ಮಾತು ಆಮ್ಯಾಲೆ ಆಡೋಣು," ಅಂದರು ಸಾಹುಕಾರರು. "ಮೊದಲು ಡಾಕ್ಟರ್ ಕಡೆ ಹೋಗ್ರಿ."

ಅತ್ತಿಗೆ ತೀರಿಕೊಂಡ ಮೇಲೆ ಅವನು ಎರಡು ಹೊತ್ತೂ ಉಣ್ಣುತ್ತಿದ್ದುದು ನನ್ನ ಮುಂದೆ. ದಿನಾ ನೋಡುವವರಿಗೆ ದಿನದ ಇಳಿತ ಕಾಣುವುದಿಲ್ಲ. ವರ್ಷಾನುಗಟ್ಟಲೆ ಯಾರ ಮೈಯನ್ನು ಅಳತೆಗೋಲು ಮಾಡಿಕೊಂಡಿದ್ದೆವೋ ಆ ಮೈಯೇ ಕರಗುತ್ತಿತ್ತು. ನಾವು ಅದರ ಹಿಂದೆಯೇ ಪ್ಯಾಂಟುಗಳನ್ನು ಹಿಡಿಸುತ್ತಾ ಹೋಗಿದ್ದೆವು. ವಾಪಸ್ ಬರುವಾಗ ಅಣ್ಣ ಆ ಹಳೆಯ ಪ್ಯಾಂಟಿನ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ರೋಗ ಹೊಟ್ಟೆಯಲ್ಲಿತ್ತು, ಆಗಲೇ ಮುಂದೆ ಹೋಗಿತ್ತು. ಆಸ್ಪತ್ರೆಯ ಓಡಾಟದ ನಡುವೆ ಯೂನಿಟ್ಟು ಮುಚ್ಚುವುದೇ ಒಳ್ಳೆಯದು ಅಂತ ನನಗೆ ಅನಿಸಿಬಿಟ್ಟಿತ್ತು. ಇನ್ನು ಮುಂದೆ ಮೊದಲ ಪ್ಯಾಂಟ್ ಯಾರು ಹಾಕಿಕೊಳ್ಳುವವರು ಅಂತ ಒಂದು ದಿನ ಕೇಳಿಯೇಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವನು ಬೇಸರ ಮಾಡಿಕೊಳ್ಳಲಿಲ್ಲ. "ಸಿರುಗುಪ್ಪದ್ದು ಆ ಹಳೇ ಪ್ಯಾಂಟ್ ಐತಲ್ಲ, ಅದರ ಹೊಲಿಗಿ ಬಿಚ್ಚು ತಂಗಿ. ಅದರ ಮ್ಯಾಲಿಂದ ಅಚ್ಚು ತೆಗಿ. ಆಗ ನಾನು ನೆಟ್ಟಗಿದ್ದೆ."

ಮಂಚದ ಪಕ್ಕದಲ್ಲೇ ಕೂತು ಬಿಚ್ಚಿದೆ. ಬಿಡಿಬಿಡಿಯಾದ ತುಂಡುಗಳನ್ನು ರಟ್ಟಿನ ಮೇಲೆ ಹಾಸಿಕೊಟ್ಟೆ. ವಾಷಿಂಗಿನಲ್ಲಿ ಕುಗ್ಗುವಷ್ಟು ಜಾಗ ಬಿಟ್ಟು, ಚಾಕ್‌ಪೀಸಿನಲ್ಲಿ ಸುತ್ತ ಗೆರೆ ಎಳೆದದ್ದು ಅವನೇ. ಸುಸ್ತಾದ ಕಡೆ ನಿಲ್ಲಿಸಿ, ದಿಂಬಿಗೆ ಒರಗಿ, ಮತ್ತೆ ಎಳೆದ. ಯುಗಾದಿಗೆ ಅವನು ಇರಲಿಲ್ಲ.

ಆ ಅಚ್ಚಿನಿಂದ ಹೊಲಿದ ಮೊದಲ ಮಾಲನ್ನು ನಾನೇ ಸಿರುಗುಪ್ಪಕ್ಕೆ ಒಯ್ದೆ. ಸಾಹುಕಾರರು ಇಳಿಸಿಕೊಂಡರು. ಒಂದೂ ವಾಪಸ್ ಬರಲಿಲ್ಲ. ಈಗಲೂ ನಮ್ಮಲ್ಲಿ ಡಿಸೈನು ಏನೇ ಬದಲಾದರೂ ಸೊಂಟ ಅದೇ.

ಮೊನ್ನೆ ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಪ್ಯಾಂಟ್ ಹಾಕಿದ ಒಬ್ಬರು ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬುತ್ತಿ ಬಿಚ್ಚಿದರು. ಸೊಂಟದ ಹತ್ತಿರ ಎಲ್ಲೂ ಹಿಡಿದಿರಲಿಲ್ಲ. ಹೊಟ್ಟೆ ತುಂಬ ಉಂಡು, ಕೈ ತೊಳೆದು ಅವರು ಏಳುವ ತನಕ ನೋಡುತ್ತಾ ನಿಂತೆ. ಅಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು.