ಬಿದ್ದ ಮರವನ್ನು ಸುತ್ತಿದ ಗೆರೆ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ಹೊಸೂರಿನಿಂದ ರಾಯಕೋಟೆವರೆಗೆ ಬೈಕು ನುಗ್ಗಬಲ್ಲ ದಾರಿ ಯಾವುದು ಅಂತ ಯಾರನ್ನೂ ಕೇಳಿದವನಲ್ಲ. ಅದಕ್ಕೇ ನಕ್ಷೆ ಮಾಡುವ ಆಫೀಸೊಂದು ನನಗೆ ಕೆಲಸ ಕೊಟ್ಟಿತು. ಹ್ಯಾಂಡಲ್ಲಿಗೆ ಅಂಗೈಯಗಲದ ಜಿಪಿಎಸ್ ಕಟ್ಟಿಕೊಂಡು ಸುತ್ತಬೇಕು. ನಾನು ಹೋದ ದಾರಿಯನ್ನೆಲ್ಲ ಅದು ಗೆರೆಯಾಗಿ ಬರೆದುಕೊಳ್ಳುತ್ತಿತ್ತು. ಅಂಗಡಿಯಲ್ಲಿ ಮಾರುವ, ದಾರಿ ಹೇಳುವ ಮಿಷಿನ್ನುಗಳೊಳಗೆ ಆ ಗೆರೆಗಳೇ ರಸ್ತೆಯಾಗುತ್ತಿದ್ದವು. ಡಿಗ್ರಿ ಓದಿದವರು ಟಾರು ಮುಗಿದಲ್ಲಿ ವಾಪಸಾಗುತ್ತಿದ್ದರು. ನಾನು ಆಗುತ್ತಿರಲಿಲ್ಲ. ಆಫೀಸಿನವರು ಎಲ್ಲರೆದುರಿಗೆ ಅದನ್ನು ಹೇಳಿದ್ದರು.

ಸಾನಮಾವು ಕಾಡಂಚಿನಲ್ಲಿ ಒಂದು ಗಾಡಿದಾರಿಯಿದೆ, ರಾಯಕೋಟೆ ರಸ್ತೆಗೆ ಸೇರುವ ಹತ್ತಿರದ ದಾರಿ. ರಾಗಿ ಬಲಿಯುವ ಹೊತ್ತಿಗೆ ಜವಳಗಿರಿ ಕಡೆಯಿಂದ ಆನೆಗಳು ಬರುತ್ತವೆ. ಆಗ ಊರವರು ದಾರಿಯ ಬಾಯಿಗೆ ಜಾಲಿಮುಳ್ಳಿನ ಕೊಂಬೆ ಎಳೆದು ಹಾಕುತ್ತಾರೆ. ಬೋರ್ಡಿಲ್ಲ, ಗೇಟಿಲ್ಲ. ಮುಳ್ಳು ಕಂಡರೆ ಯಾರೂ ದಾಟುವುದಿಲ್ಲ. ನಾನು ಹೋದ ದಿನವೂ ಅದು ಬಿದ್ದಿತ್ತು.

ಪಕ್ಕದ ಹೊಲದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯೊಬ್ಬಳು ಕೂಗಿದಳು: "ಮುಳ್ಳ್ ಎತ್ಬ್ಯಾಡ ಕಣಪ್ಪ. ರಾಗಿ ಕುಯ್ಯೋಗಂಟ ಆ ದಾರಿ ನಮ್ದಲ್ಲ."

"ನಾನೂ ಈ ಸೀಮೆಯವ್ನೇ ಅಜ್ಜಿ, ನಂಗೇ ಹೇಳ್ಕೊಡ್ತೀಯಾ?"

ಗೊತ್ತಿಲ್ಲದೆ ಮಾಡಿದ್ದಲ್ಲ. ಗೊತ್ತಿದ್ದೇ ಎತ್ತಿದೆ. ಒಂದು ದಾರಿ ಬಿಟ್ಟು ಬಂದ ಅನ್ನಿಸಿಕೊಳ್ಳಲು ಮನಸ್ಸಿರಲಿಲ್ಲ. ನಡುವೆ ಒಂದು ಹೊಂಗೆಮರ ಅಡ್ಡ ಬಿದ್ದಿತ್ತು. ಎಡಕ್ಕೆ ಇಳಿದು, ಬೇರು ಸುತ್ತಿ, ಮತ್ತೆ ದಾರಿಗೆ ಹತ್ತಿದೆ. ಆನೆ ಕಾಣಲಿಲ್ಲ. ಆ ಸಂಜೆ ಗೆರೆ ಆಫೀಸಿಗೆ ಹೋಯಿತು.

ಮರುವರ್ಷ ಅದೇ ರಾಗಿ ಕಾಲ. ಬೆಳಿಗ್ಗೆ ಆ ಕಡೆ ಹೋಗುತ್ತಿದ್ದೆ. ದಾರಿಯ ಬಾಯಲ್ಲಿ ಜನ ಸೇರಿದ್ದರು. ಪಕ್ಕಕ್ಕೆ ಎಳೆದ ಮುಳ್ಳು, ಅದರಾಚೆ ಆನೆಯಿಂದ ತುಳಿಸಿಕೊಂಡು ನುಜ್ಜಾದ ಬೈಕು. ಬೆಳಗಿನ ಜಾವ ಯಾರೋ ಪರವೂರಿನವನು ಬಂದನಂತೆ. ಆಸ್ಪತ್ರೆಗೆ ಸಾಗಿಸಿ ಆಗಿತ್ತು.

"ಮಿಷಿನ್ ದಾರಿ ತೋರುಸ್ತಂತೆ. ತಾನೇ ಇಳ್ದು ಮುಳ್ಳ್ ಎಳ್ದಾಕಿ ಹೋಗವ್ನೆ," ಅಂದ ಹೊಲ ಕಾಯುವವನು. "ಜೀವ ಉಳೀತು. ಕಾಲು ಹೋಯ್ತು ಅನ್ಕೋ."

"ಮಿಷಿನ್‌ಗೆ ಆನೆ ಕಾಣ್ತದೇನ್ಲಾ?" ಅಂದ ಗುಂಪಿನಲ್ಲೊಬ್ಬ.

"ಅದಕ್ಕೆ ಹೇಳ್ಕೊಟ್ಟೋನಿಗೆ ಕಾಣ್ಬೇಕಿತ್ತು ಕಣ್ಲಾ."

ಆ ಮಿಷಿನ್ನು ಹೊಲ ಕಾಯುವವನ ಕೈಯಲ್ಲಿತ್ತು, ಪರದೆ ಇನ್ನೂ ಉರಿಯುತ್ತಿತ್ತು. ಇಣುಕಿದೆ. ನೇರ ಗೆರೆ, ನಡುವೆ ಎಡಕ್ಕೊಂದು ಸಣ್ಣ ಡೊಂಕು. ಕತ್ತೆತ್ತಿ ನೋಡಿದೆ, ದಾರಿ ಖಾಲಿ. ಹೊಂಗೆಮರವನ್ನು ಯಾವಾಗಲೋ ಸೌದೆಗೆ ಕಡಿದುಕೊಂಡು ಹೋಗಿದ್ದರು. ಮರ ಹೋಗಿತ್ತು, ಗೆರೆಯಲ್ಲಿ ನಾನು ಅದನ್ನು ಸುತ್ತುವುದು ಮಾತ್ರ ನಿಂತಿರಲಿಲ್ಲ.

ಅದೇ ಅಜ್ಜಿ ಹತ್ತಿರ ಬಂದಳು. "ನೀನೇ ಅಲ್ವಾ ಓದೊರ್ಷ ಬಂದಿದ್ದೋನು?"

"ನಾನಲ್ಲ ಅಜ್ಜಿ. ಬೇರೆ ಯಾರೋ."

ಅವಳು ನನ್ನ ಮುಖ ನೋಡಲಿಲ್ಲ, ಆ ನುಜ್ಜಾದ ಬೈಕು ನೋಡಿದಳು.

ಆಫೀಸಿಗೆ ಫೋನು ಮಾಡಿದೆ. ಹೊಸ ನಕ್ಷೆಯಲ್ಲಿ ತೆಗೆಯುತ್ತೇವೆ, ಮಾರಿ ಹೋಗಿರುವ ಮಿಷಿನ್ನುಗಳಲ್ಲಿ ಇರುವುದನ್ನು ಏನು ಮಾಡೋಣ ಅಂದರು. ಆ ಕೆಲಸ ಬಿಟ್ಟೆ. ಎರಡು ಸಲ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಹಿಂದಿರುಗಿದೆ. ಆಮೇಲೆ ಯಾವ ರಸ್ತೆಯಲ್ಲಿ ಹೋದರೂ ಮುಂದೆ ಒಂದು ಬೈಕು ಕಾಣುತ್ತಿತ್ತು, ಹಗಲಿನಲ್ಲೇ. ನೇರ ಹೋಗುತ್ತಾ ಹೋಗುತ್ತಾ ಏನೂ ಇಲ್ಲದ ಕಡೆ ಎಡಕ್ಕೆ ವಾಲುತ್ತಿತ್ತು. ನನ್ನ ಹ್ಯಾಂಡಲ್ಲೂ ಅದರ ಹಿಂದೆ ತಿರುಗುತ್ತಿತ್ತು.

ಪ್ರತಿ ವರ್ಷ ರಾಗಿ ಬಲಿತಾಗ ಭಾನುವಾರ ಅಲ್ಲಿಗೆ ಹೋಗಿ ಮುಳ್ಳು ಇದೆಯೇ ನೋಡಿ ಬರುವುದು ರೂಢಿಯಾಯಿತು. ಒಂದು ಸಲ ಇಬ್ಬರು ಬೈಕು ನಿಲ್ಲಿಸಿಕೊಂಡು ಮುಳ್ಳಿಗೆ ಕೈ ಹಾಕಿದ್ದರು.

"ರೋಡ್ ಇದೆ ಅಂಕಲ್, ಇದ್ರಲ್ಲಿ ತೋರಿಸ್ತಿದೆ," ಅಂದ ಒಬ್ಬ, ಹಳೇ ಮಿಷಿನ್ನೊಂದನ್ನು ಮುಂದೆ ಹಿಡಿದು.

"ಆ ಗೆರೆ ಎಳ್ದೋನು ನಾನೇ," ಅಂದೆ. "ಮುಳ್ಳೆತ್ತಿ ಹೋಗಿ ಎಳ್ದೆ. ಅದನ್ನ ನಂಬ್ಕಂಡು ಒಬ್ಬ ಕಾಲು ಕಳ್ಕಂಡ. ತಿರುಗಿಸ್ಕಳಿ."

"ಸ್ಯಾಟಲೈಟ್‌ಗೆ ನೀವು ಹೇಳ್ಕೊಟ್ರಾ ಅಂಕಲ್?" ನಕ್ಕರು. ನಗುತ್ತಲೇ ತಿರುಗಿಸಿಕೊಂಡರು.

ಹೊಲದ ಬದುವಿನಲ್ಲಿ ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬಯ್ಯುತ್ತಾಳೆ ಅಂತ ಕಾದೆ.

"ಒಂದ್ ಕೊಂಬೆ ಸಾಲ್ದು," ಅಂದಳು. "ಇನ್ನೊಂದ್ ಎಳ್ಕಂಬಾ."